ಹಿತ್ತಲ ಗಿಡ ಮದ್ದಲ್ಲ, ಬೇಲಿ ಗಿಡ ಗಿಡವೇ ಅಲ್ಲ!

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಊರು, ಓಡಾಟ ಅಂತ ನೂರೆಂಟು ನೆಪ. ಆದರೆ ಮೊನ್ನೆ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ಹೊಟ್ಟೆಯೊಳಗೆ ಕುದೀತಾ ಇದೆ. ಬರೆದು ಹಾಕದಿದ್ದರೆ ನಿದ್ದೆ ಬರೋಲ್ಲ. ಸ್ವಲ್ಪ ಉದ್ದವಾಗಬಹುದು, ಸ್ವಲ್ಪ ಖಾರವೂ ಆಗಬಹುದು. ಸಹಿಸಿಕೊಳ್ಳಿ.

ವಿಷಯ ಏನಪ್ಪಾ ಅಂದ್ರೆ... ಬೇಲಿ.

ನಗಬೇಡಿ. ಗಡಿ, ಭಾಷೆ, ರಾಜಕೀಯದ ಬೇಲಿ ಅಲ್ಲ. ತೋಟದ ಸುತ್ತ ಲಕ್ಕಿ, ಬಂದ್ರೆ, ಹೊಂಗೆ, ತಂಗಡಿ ಎಲ್ಲಾ ಒಂದರೊಳಗೊಂದು ಸೇರಿಕೊಂಡು ಬೆಳೆದಿರುತ್ತಲ್ಲ, ಆ ಗಿಡದ ಬೇಲಿ. ನಮ್ಮ ಸೀಮೆಯಲ್ಲಿ ಅದನ್ನು ಜೆಸಿಬಿ ಹಚ್ಚಿ ಕಿತ್ತು, ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಎಳೆಯೋದೇ ದೊಡ್ಡಸ್ತಿಕೆ ಆಗಿಬಿಟ್ಟಿದೆ. ಇದು ಶುದ್ಧ ದಡ್ಡತನ ಅಂತ ನನ್ನ ವಾದ. ಅದೂ ದುಡ್ಡು ಕೊಟ್ಟು ಮಾಡೋ ದಡ್ಡತನ. ಆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ. ಅದಕ್ಕೇ ಇಷ್ಟು ಉರಿ.

* * *

2025ರ ಮಾರ್ಚ್ ತಿಂಗಳು. ಒಂದೇ ವಾರದಲ್ಲಿ ನನ್ನ ಮೊಬೈಲಿಗೆ ಎರಡು ಫೋಟೋ ಬಂದವು.

ಮೊದಲನೆಯದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರೋ ಅಕ್ಕನ ಮಗ ಕಳಿಸಿದ್ದು. ಹೊಸ ಮನೆ ತಗೊಂಡಿದ್ದಾನೆ. ಮನೆ ಹಿಂದಿನ ಬೇಲಿಗುಂಟ ಸಾಲಾಗಿ ಪೊದೆ ಥರದ ಗಿಡ ನೆಟ್ಟಿದ್ದಾನೆ. "ಮಾಮ, ಇದು ವ್ಯಾಕ್ಸ್ ಮಿರ್ಟಲ್. ಇಲ್ಲಿಯದೇ ಗಿಡ. ವರ್ಷವೆಲ್ಲಾ ಹಸಿರು. ಎಲೆ ಉಜ್ಜಿದ್ರೆ ಎಂಥಾ ಘಮ ಗೊತ್ತಾ!" ಅಂತ ಹುಡುಗನ ಸಂಭ್ರಮ. ನರ್ಸರಿಯಲ್ಲಿ ಒಂದೊಂದು ಗಿಡಕ್ಕೂ ಡಾಲರ್ ಕೊಟ್ಟು ತಂದಿದ್ದಾನಂತೆ.

ಆ ಗಿಡದ ಬಗ್ಗೆ ಓದಿ ನೋಡಿದೆ. ಅಮೆರಿಕದ ಆಗ್ನೇಯ ಕರಾವಳಿಯ ಗಿಡ ಅದು. ಮರಳು ನೆಲ, ಜೌಗು ನೆಲ, ಉಪ್ಪು ಗಾಳಿ, ಎಲ್ಲದಕ್ಕೂ ಸೈ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕದಾದ ಬೂದು ಬಣ್ಣದ ಕಾಯಿ ಬಿಡುತ್ತೆ. ಕಾಯಿ ಮೇಲೆ ಮೇಣದ ಪದರ. ವಲಸೆ ಹೋಗಿದ್ದ ಯುರೋಪಿನವರು ಆ ಕಾಯಿಗಳನ್ನು ನೀರಲ್ಲಿ ಕುದಿಸಿ, ಮೇಲೆ ತೇಲೋ ಮೇಣ ಕೆನೆಯ ಹಾಗೆ ತೆಗೆದು ಮೇಣದ ಬತ್ತಿ ಮಾಡ್ತಿದ್ದರು. ಎಲೆಯ ವಾಸನೆಗೆ ಕ್ರಿಮಿಕೀಟ ದೂರ. ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ, ಹಾಗಾಗಿ ಬಡ ನೆಲದಲ್ಲೂ ಬದುಕುತ್ತೆ. ಹಕ್ಕಿಗಳಿಗೆ ಚಳಿಗಾಲದ ಊಟ. ಒಂದು ಕಾಲಕ್ಕೆ ಕಳೆಯ ಹಾಗೆ ನೋಡುತ್ತಿದ್ದ ಪೊದೆಯನ್ನೇ ಈಗ ಅಲ್ಲಿನವರು "ನಮ್ಮ ನೆಲದ ಗಿಡ" ಅಂತ ಹೆಮ್ಮೆಯಿಂದ ಮನೆ ಮುಂದೆ ನೆಡ್ತಾ ಇದ್ದಾರೆ.

ನಾನು ಆ ಫೋಟೋಕ್ಕೆ ಹೆಬ್ಬೆರಳು ಒತ್ತಿದೆ. 

ಎರಡನೆಯ ಫೋಟೋ ಪಂಚನಹಳ್ಳಿಯಿಂದ, ನನ್ನ ತಮ್ಮನದು. ಕೆಂಪು ಮಣ್ಣು ಬಗೆದು ಬಿದ್ದಿದೆ. ಪಕ್ಕದಲ್ಲಿ ಬೇರು ಸಮೇತ ಕಿತ್ತ ಗಿಡಗಳ ದೊಡ್ಡ ರಾಶಿ, ಅದರ ಹಿಂದೆ ಹಳದಿ ಜೆಸಿಬಿ. "ಅಣ್ಣ, ಬೇಲಿ ಎಲ್ಲಾ ಕ್ಲೀನ್ ಮಾಡಿಸ್ದೆ. ಹೆಂಗೈತೆ?"

ನಾನು ಅದಕ್ಕೂ ಹೆಬ್ಬೆರಳು ಒತ್ತಿದೆ!

ಕಂಬ, ತಂತಿ, ಕೂಲಿ ಎಲ್ಲಾ ಸೇರಿ ಒಂದೂಕಾಲು ಲಕ್ಷ ಆಯ್ತು. ಅರ್ಧಕ್ಕಿಂತ ಹೆಚ್ಚು ನಾನೇ ಕಳಿಸಿದ್ದೆ. ಬೆಂಗಳೂರಲ್ಲಿ ಕೂತು ಊರಿನ ತೋಟಕ್ಕೆ ಏನೋ ಮಾಡ್ತಾ ಇದ್ದೀನಿ ಅನ್ನೋ ಪುಣ್ಯ ಬೇರೆ.

* * *

ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೆ ನೀವೆಲ್ಲಾ ಕಾಫಿ, ಮಂಜು, ಮುಳ್ಳಯ್ಯನಗಿರಿ ಅಂತೀರಿ. ನಮ್ಮದು ಆ ಚಿಕ್ಕಮಗಳೂರಲ್ಲ. ಕಡೂರು ತಾಲೂಕು ಗಿರಿಗಳ ಮಳೆನೆರಳಿನಲ್ಲಿರೋ ಬಯಲು ಸೀಮೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬಿದ್ದರೆ ಅದೇ ದೊಡ್ಡದು. ಅದೇ ಜಿಲ್ಲೆಯ ಶೃಂಗೇರಿ ಕಡೆ ಅದರ ಐದಾರು ಪಟ್ಟು ಸುರಿಯುತ್ತೆ! ಪಂಚನಹಳ್ಳಿ ಹೋಬಳಿಯಲ್ಲಿ ತೆಂಗು, ರಾಗಿ, ಬೋರ್‌ವೆಲ್, ಸಾಲ, ಇವು ನಾಲ್ಕೇ ಬೆಳೆ. ಕೊಬ್ಬರಿ ಹೋಗೋದು ತಿಪಟೂರಿನ ಮಾರುಕಟ್ಟೆಗೆ. 2023ರ ಬರದಲ್ಲಿ ಕಣ್ಣೆದುರಿಗೇ ಗರಿ ಜೋತು ಬಿದ್ದ ತೆಂಗಿನ ಮರಗಳನ್ನು ನೋಡಿದವರು ನಾವು. ಇಂಥಾ ಕಡೆ ಬೇಲಿ ಅಂದ್ರೆ ಬರೀ ಗಡಿ ಗುರುತಲ್ಲ ಸ್ವಾಮಿ.

ನಮ್ಮ ಬೇಲಿಯಲ್ಲಿ ಏನೇನಿತ್ತು? ನೆನಪಿರೋದನ್ನ ಹೇಳ್ತೀನಿ.

ಲಕ್ಕಿ. ಸಂಸ್ಕೃತದಲ್ಲಿ ನಿರ್ಗುಂಡಿ. ಐದು ಬೆರಳಿನ ಹಾಗೆ ಎಲೆ, ಕೆಳಗಡೆ ಬೂದು ಬಿಳುಪು, ತುದಿಯಲ್ಲಿ ನೀಲಿ ಹೂವಿನ ಗೊಂಚಲು. ಮುಟ್ಟಿದರೆ ಕೈಗೆಲ್ಲಾ ಕಹಿ ಕಹಿ ವಾಸನೆ. ದನ, ಕುರಿ ಬಾಯಿ ಹಾಕೋಲ್ಲ. ಬಾಣಂತಿ ನೀರಿಗೆ ಇದರ ಸೊಪ್ಪು. ನೆಗಡಿ ಬಂದರೆ ಇದರ ಹಬೆ. ಸಂಜೆ ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸೋಕೆ ಇದರ ಹೊಗೆ. ಕಾಳು ತುಂಬಿಡುವಾಗ ನಡುನಡುವೆ ಇದರ ಒಣ ಎಲೆ, ಹುಳ ಬೀಳದ ಹಾಗೆ. ಉದ್ದುದ್ದ ಬೆಳೆದ ಕಡ್ಡಿಯಿಂದ ಕುಕ್ಕೆ, ಮಂಕರಿ ಹೆಣೀತಿದ್ದರು. ಸಗಣಿ ಬಳಿದ ಕಣಜ ಕೂಡ ಇದರ ಕಡ್ಡಿಯದೇ.

ಬಂದ್ರೆ. ಎಲೆ ಮೇಲೆ ಅಂಟಂಟು ಹೊಳಪು, ಬೀಜಕ್ಕೆ ಕಾಗದದಂಥ ರೆಕ್ಕೆ. ಇದನ್ನೂ ಆಡು ಕುರಿ ಮೇಯೋಲ್ಲ. ಬರಗಾಲದಲ್ಲಿ ಎಲ್ಲಾ ಒಣಗಿದರೂ ಇದು ಹಸಿರು. ಉಳುಕಿದ ಕಾಲಿಗೆ ಸೊಪ್ಪು ಬಿಸಿ ಮಾಡಿ ಕಟ್ಟೋದು ಹಳ್ಳಿ ಮದ್ದು. ಕತ್ತರಿಸಿದ ಸೊಪ್ಪು ತೆಂಗಿನ ಬುಡಕ್ಕೆ.

ತಂಗಡಿ. ಆವರಿಕೆ ಅಂತಲೂ ಅಂತಾರೆ. ಬೇಸಗೆಯಲ್ಲಿ ಮೈತುಂಬಾ ಹಳದಿ ಹೂವು. ಇದರ ತೊಗಟೆ ಇಲ್ಲದೆ ಒಂದು ಕಾಲಕ್ಕೆ ಚರ್ಮ ಹದ ಮಾಡೋ ಕೆಲಸವೇ ನಡೀತಿರಲಿಲ್ಲ.

ಹೊಂಗೆ. ಇದು ಮರ. ಬೇಲಿಯಲ್ಲಿ ನಾಲ್ಕು ಮಾರಿಗೊಂದು. ದ್ವಿದಳ ಜಾತಿಯದು, ಬೇರಿನಲ್ಲಿ ಸಾರಜನಕ ಹಿಡಿಯುತ್ತೆ. ಸೊಪ್ಪು ಗೊಬ್ಬರ, ಹಿಂಡಿ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ. ಅಮೆರಿಕದವರು ಬೇಲಿ ಗಿಡದ ಮೇಣದಿಂದ ಬತ್ತಿ ಉರಿಸಿದರೆ ನಮ್ಮ ಅಜ್ಜಿಯರು ಬೇಲಿ ಮರದ ಎಣ್ಣೆಯಿಂದ ಹಣತೆ ಉರಿಸಿದರು. ಲೆಕ್ಕ ಒಂದೇ.

ಈಗ ಅಕ್ಕನ ಮಗನ ವ್ಯಾಕ್ಸ್ ಮಿರ್ಟಲ್ ಪಟ್ಟಿಯನ್ನ ಪಕ್ಕದಲ್ಲಿಟ್ಟು ನೋಡಿ. ವಾಸನೆ ಎಲೆ, ಕೀಟ ದೂರ, ದೀಪದ ಇಂಧನ, ನೆಲಕ್ಕೆ ಸಾರ, ಹಕ್ಕಿಗೆ ಊಟ, ಬರಕ್ಕೆ ಜಗ್ಗದ ಗಟ್ಟಿತನ. ಅವರು ಒಂದು ಗಿಡದಲ್ಲಿ ಕಂಡದ್ದು ನಮ್ಮ ಬೇಲಿಯ ನಾಲ್ಕು ಗಿಡದಲ್ಲಿ ಹಂಚಿಕೊಂಡು ಕೂತಿತ್ತು. ಒಂದು ರೂಪಾಯಿ ಖರ್ಚಿಲ್ಲದೆ! ಅವನು ಡಾಲರ್ ಕೊಟ್ಟು ನೆಟ್ಟ. ನಾವು ರೂಪಾಯಿ ಕೊಟ್ಟು ಕಿತ್ತೆವು.

* * *

ತಮ್ಮನ ಮೇಲೆ ಎಲ್ಲಾ ಹಾಕಿ ಕೈ ತೊಳ್ಕೊಳ್ಳೋಕೆ ನಾನು ತಯಾರಿಲ್ಲ. ತೋಟದಲ್ಲಿ ದುಡಿಯೋನು ಅವನು. ಅವನ ವಾದದಲ್ಲೂ ತೂಕ ಇದೆ. ಒಂದೊಂದಾಗಿ ನೋಡೋಣ.

"ಬೇಲಿ ಜಾಗ ತಿನ್ನುತ್ತೆ ಕಣಣ್ಣ." ಸರಿ, ಲೆಕ್ಕ ಹಾಕೋಣ. ನಮ್ಮದು ಮೂರು ಎಕರೆ, ಅಂದ್ರೆ 120 ಗುಂಟೆ. ಹೆಚ್ಚುಕಡಿಮೆ ಚೌಕ. ಸುತ್ತಳತೆ ಸುಮಾರು 1450 ಅಡಿ. ಮೂರು ಅಡಿ ಅಗಲದ ಬೇಲಿ ಅಂದ್ರೆ ನಾಲ್ಕು ಗುಂಟೆ. ಮೂವತ್ತರಲ್ಲಿ ಒಂದು ಪಾಲು. ತೆಂಗು ನೆಟ್ಟಿರೋದು 30 ಅಡಿಗೊಂದು, ಮೊದಲ ಸಾಲು ಗಡಿಯಿಂದ ಹೇಗೂ ಹದಿನೈದು ಅಡಿ ಒಳಗಿದೆ. ಹಾಗಾದ್ರೆ ಬೇಲಿಯಿಂದ ಎಷ್ಟು ಮರ ಕಮ್ಮಿ ಆಯ್ತು? ಒಂದೂ ಇಲ್ಲ! ಕಿತ್ತ ಮೇಲೆ ಆ ನಾಲ್ಕು ಗುಂಟೆಯಲ್ಲಿ ಈಗ ಏನು ಬೆಳೆದಿದೆ? ಪಾರ್ಥೇನಿಯಂ.

"ಹಾವು ಸೇರ್ಕೊಳ್ತವೆ." ಸೇರ್ಕೊಳ್ತವೆ, ಸುಳ್ಳಲ್ಲ. ಬರೀ ಹಾವಲ್ಲ, ಮುಂಗುಸಿ, ಕೆಂಬೂತ, ಗೌಜಲಕ್ಕಿ, ಪಿಕಳಾರ ಎಲ್ಲಾ ಸೇರ್ಕೊಳ್ತಿದ್ದವು. ಮನೆ ಪಕ್ಕದಲ್ಲಿ ಪೊದೆ ಬೆಳೆಸಬೇಡಿ, ಒಪ್ಪಿದೆ. ತೋಟದ ಅಂಚಿನಲ್ಲಿ ಇದ್ದರೆ ಅವು ಇಲಿ ಹಿಡಿದು ತಿನ್ನುತ್ತವೆ. ಎಳನೀರು ಕೊರೆದು ಬೀಳಿಸೋ ಇಲಿಗೆ ಈಗ ಅಂಗಡಿಯಿಂದ ಪಾಷಾಣ ತರ್ತಿದ್ದೀವಿ.

"ಸವರೋಕೆ ಆಳು ಸಿಗಲ್ಲ." ಇದು ಮಾತ್ರ ನಿಜವಾದ ಕಷ್ಟ. ವರ್ಷಕ್ಕೆ ಎರಡು ಸಲ ಬೇಲಿ ಸವರಬೇಕು. ಆದರೆ ಸವರಿದಾಗ ನಾಲ್ಕೈದು ಗಾಡಿ ಸೊಪ್ಪು ಬರ್ತಿತ್ತಲ್ಲ, ಅದು ಎಲ್ಲಿ ಹೋಯ್ತು? ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ಅಂತ ಶಿಫಾರಸು. ಕೊಟ್ಟಿಗೆಯಲ್ಲಿ ದನ ಎರಡಕ್ಕೆ ಇಳಿದಿವೆ. ಬುಡಕ್ಕೆ ಹಾಕೋಕೆ ಲೋಡು ಲೆಕ್ಕದಲ್ಲಿ ಗೊಬ್ಬರ ಕೊಳ್ತಾ ಇದ್ದೀವಿ. ಸವರೋ ಕೂಲಿ ಉಳೀತು, ಗೊಬ್ಬರದ ದುಡ್ಡು ಹೋಯ್ತು. ಯಾವುದು ಜಾಸ್ತಿ ಅಂತ ತಮ್ಮನನ್ನೇ ಕೇಳಿದೆ. ಬೀಡಿ ಹಚ್ಚಿಕೊಂಡು ಆ ಕಡೆ ನೋಡಿದ.

"ಕಾಯಿ ಕಳ್ಳರು!" 2025ರಲ್ಲಿ ಕೊಬ್ಬರಿ, ತೆಂಗಿನಕಾಯಿ ರೇಟು ಏರಿದಾಗ ಊರಲ್ಲೆಲ್ಲಾ ಇದೇ ಮಾತು. ಐದೆಳೆ ತಂತಿ ಬಗ್ಗಿಸಿ ನುಸುಳೋಕೆ ಕಳ್ಳನಿಗೆ ಎಷ್ಟು ಹೊತ್ತು ಬೇಕು? ಆಳೆತ್ತರದ ದಟ್ಟ ಬೇಲಿಯಲ್ಲಿ ಸದ್ದಿಲ್ಲದೆ ಕಾಯಿ ಚೀಲ ಹೊತ್ತು ಆಚೆ ಬರೋದು ತಂತಿಗಿಂತ ಕಷ್ಟ. ಅಷ್ಟೇ ಅಲ್ಲ, ತಂತಿ ಬಂದ ಮೇಲೆ ರಸ್ತೆಯಲ್ಲಿ ಹೋಗೋರಿಗೆಲ್ಲಾ ಯಾವ ಮರದ ಬುಡದಲ್ಲಿ ಎಷ್ಟು ಕಾಯಿ ಬಿದ್ದಿದೆ ಅಂತ ಕಾಣುತ್ತೆ :-)

"ಪಕ್ಕದವ್ರು ಒತ್ತರಿಸ್ತಾರೆ." ಇದಕ್ಕೆ ನನ್ನಲ್ಲಿ ಉತ್ತರ ಕಮ್ಮಿ. ಗಿಡದ ಬೇಲಿ ವರ್ಷಕ್ಕೊಂದು ಗೇಣು ಆ ಕಡೆ ಈ ಕಡೆ ಸರಿಯುತ್ತೆ, ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗ್ತಾರೆ, ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಅದಕ್ಕೆ ಸರ್ವೆ ಮಾಡಿಸಿ ಕಲ್ಲು ನೆಡಿ. ಬೇಕಿದ್ದರೆ ತಂತಿಯನ್ನೂ ಎಳೀರಿ. ತಂತಿ ಹಾಕಬೇಡಿ ಅಂತ ನಾನು ಹೇಳ್ತಾನೇ ಇಲ್ಲ. ತಂತಿ ಹಾಕೋಕೆ ಗಿಡ ಯಾಕೆ ಕೀಳಬೇಕು? ತಂತಿಯ ಒಳಗಡೆ ಗಿಡ ಬೆಳೆದರೆ ಯಾರಪ್ಪನ ಗಂಟು ಹೋಗುತ್ತೆ?

ತಂತಿ ದನ ತಡೆಯಬಹುದು. ಮಣ್ಣು ತಡೆಯಲ್ಲ, ಗಾಳಿ ತಡೆಯಲ್ಲ. ಆಷಾಢದ ಗಾಳಿ ನಮ್ಮ ಬಯಲಲ್ಲಿ ಹೇಗೆ ಬೀಸುತ್ತೆ ಅಂತ ಅಲ್ಲಿ ನಿಂತವರಿಗೇ ಗೊತ್ತು. ನೆಲದ ತೇವವನ್ನೆಲ್ಲಾ ಹೊತ್ತುಕೊಂಡು ಹೋಗುತ್ತೆ. ಗಿಡದ ಬೇಲಿ ಆ ಗಾಳಿಯನ್ನು ಸೋಸಿ ಬಿಡ್ತಿತ್ತು. ಬೇಲಿಯ ಬೇರು ಬದುವನ್ನು ಹಿಡ್ಕೊಂಡಿತ್ತು. ಜೆಸಿಬಿ ಬಗೆದ ಜಾಗದಲ್ಲಿ ಮೊದಲ ದೊಡ್ಡ ಮಳೆಗೇ ಬದು ಎರಡು ಕಡೆ ಒಡೆದು ಕೆಂಪು ನೀರು ಹಳ್ಳಕ್ಕೆ ಹರೀತು. ಬೋರ್‌ವೆಲ್‌ಗೆ ಲಕ್ಷ ಲಕ್ಷ ಸುರಿಯೋ ನಾವು ನೆಲದ ತೇವ ಕಾಯ್ತಿದ್ದ ಗಿಡವನ್ನ ಕಿತ್ತು ಬೆಂಕಿ ಹಚ್ಚಿದ್ವಿ.

ಇನ್ನೊಂದಿದೆ. ತೆಂಗಿನ ಗರಿ ತಿನ್ನೋ ಕಪ್ಪುತಲೆ ಹುಳು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಗರಿಯೆಲ್ಲಾ ಸುಟ್ಟ ಹಾಗೆ ಕಾಣುತ್ತೆ. ಅದಕ್ಕೆ ಗೋನಿಯೋಜಸ್ ಅನ್ನೋ ಪುಟ್ಟ ಪರಾವಲಂಬಿ ಕಣಜಗಳನ್ನ ತಂದು ತೋಟಕ್ಕೆ ಬಿಡ್ತಾರೆ, ಅವು ಹುಳುವಿನ ಮೇಲೆ ಮೊಟ್ಟೆ ಇಟ್ಟು ಕೊಲ್ಲುತ್ತವೆ. ಪ್ರಯೋಗಾಲಯದಲ್ಲಿ ಆ ಕಣಜಗಳನ್ನ ಸಾಕೋದು ಜೇನುತುಪ್ಪ ಕೊಟ್ಟು. ತೋಟದಲ್ಲಿ ಬಿಟ್ಟ ಮೇಲೆ ಜೇನು ಯಾರು ಕೊಡ್ತಾರೆ? ಹೂವಿನ ಗಿಡ ಇರಬೇಕು ತಾನೇ! ಕಾಳು ತುಂಬೋ ಕಣಜಕ್ಕೂ ಲಕ್ಕಿ ಬೇಕಿತ್ತು, ಹುಳ ಕೊಲ್ಲೋ ಕಣಜಕ್ಕೂ ಇಂಥಾ ಹೂವು ಬೇಕು.

* * *

ಸರಿ, ಇದೆಲ್ಲಾ ಲೆಕ್ಕಾಚಾರ. ನನಗೆ ನಿಜವಾಗಿ ಚುಚ್ಚಿದ್ದು ಬೇರೆ.

2025ರ ನವೆಂಬರ್. ತಮ್ಮನ ಮಗಳು ಬಾಣಂತನಕ್ಕೆ ಊರಿಗೆ ಬಂದಿದ್ದಳು. ನಾನೂ ಮಗು ನೋಡೋಕೆ ಹೋಗಿದ್ದೆ. ಅವ್ವನಿಗೆ ಎಂಬತ್ತು ದಾಟಿದೆ. ಬಾಣಂತಿ ನೀರಿಗೆ ಲಕ್ಕಿ ಸೊಪ್ಪು ಬೇಕು ಅಂತ ಅವಳ ಹಟ. ಬೆಳಗ್ಗೆ ಎದ್ದು ಅಭ್ಯಾಸದ ಮೇಲೆ ಕೋಲೂರಿಕೊಂಡು ಬೇಲಿ ಹತ್ತಿರ ಹೋದವಳು ಕಂಬ ಹಿಡ್ಕೊಂಡು ಸುಮ್ಮನೆ ನಿಂತಿದ್ದಳು. ಕಣ್ಣು ಸರಿಯಾಗಿ ಕಾಣೋಲ್ಲ. ಬೇಲಿ ಕಿತ್ತದ್ದು ಮರೆತೇಹೋಗಿತ್ತೇನೋ. ತಂತಿಯ ಮುಳ್ಳು ಅಂಗೈಗೆ ಗೀರಿ ರಕ್ತ.

ತಮ್ಮ ಬೈಕ್ ಹತ್ತಿ ಅರಸೀಕೆರೆಗೆ ಹೋಗಿ ಒಂದು ಬಾಟಲಿ ನಿರ್ಗುಂಡಿ ತೈಲ ತಂದ. ಬಾಟಲಿ ಮೇಲಿನ ಚಿತ್ರದಲ್ಲಿ ಐದು ಬೆರಳಿನ ಎಲೆ. ನಾವು ಗಾಡಿಗಟ್ಟಲೆ ಸುಟ್ಟ ಎಲೆ!

ಅವ್ವ ಬಾಟಲಿ ಹಿಡಿದು ಮೂಸಿ ನೋಡಿ, "ಬೇಲಿಗೆ ಕೈ ಹಾಕಿದ್ರೆ ಸಿಗ್ತಿತ್ತು. ಈಗ ಅರಸೀಕೆರೆಗೆ ಹೋಗ್ಬೇಕು ನೋಡಪ್ಪ" ಅಂದಳು. ಅವಳು ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ ಮಧ್ಯಾಹ್ನ ಕುಕ್ಕೆ ಹೆಣೆಯೋ ತಾತ ಬಂದ. ಪ್ರತಿ ವರ್ಷ ನಮ್ಮ ಬೇಲಿಯ ಲಕ್ಕಿ ಕಡ್ಡಿ ಕೊಯ್ಕೊಂಡು ಹೋಗಿ, ಬದಲಿಗೆ ಮನೆಗೆ ಎರಡು ಕುಕ್ಕೆ ಕೊಡ್ತಿದ್ದ. ಬೇಲಿ ಸವರೋ ಕೂಲಿಯೂ ಅರ್ಧ ಉಳೀತಿತ್ತು. ಗೇಟಿನ ಹತ್ತಿರ ನಿಂತು ಆ ಕಡೆ ಈ ಕಡೆ ನೋಡಿದ. "ಹೋಗ್ಲಿ ಬಿಡ್ರಪ್ಪ, ಎಲ್ಲಾರ ತೋಟ್ದಾಗೂ ಹಿಂಗೇ ಆತು" ಅಂತ ಹೋದ. ಕಾಫಿ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ.

ಆಳು ಸಿಗಲ್ಲ ಅಂತೀವಿ. ಬೇಲಿ ಸವರೋಕೆ ತಾನಾಗೇ ಬರ್ತಿದ್ದ ಮನುಷ್ಯನಿಗೆ ಬೇಲಿಯನ್ನೇ ಇಲ್ಲ ಮಾಡಿದ್ವಿ.

* * *

ಈಗ ನಮ್ಮ ಸರದಿ. ಹೌದು, ನಿಮ್ಮನ್ನೇ ಹೇಳ್ತಿರೋದು, ಊರು ಬಿಟ್ಟು ಬಂದು ಊರಿನ ಬಗ್ಗೆ ಬರೆಯೋ ನಮ್ಮ ಬಗ್ಗೆ. ಅಜ್ಜಿ ಮನೆ, ಮಾವಿನ ಮರ, ಮಳೆ, ಹಪ್ಪಳ ಅಂತ ನಾವು ಬರೆದ ಬರಹಗಳನ್ನು ಒಟ್ಟು ಹಾಕಿದರೆ ಒಂದು ಗಾಡಿ ಆಗುತ್ತೆ. ನಾನೂ ಬರೆದಿದ್ದೀನಿ. "ಆಹಾ, ನನ್ನೂರು ನೆನಪಾಯ್ತು" ಅಂತ ನೀವೂ ಕಾಮೆಂಟ್ ಹಾಕಿದ್ದೀರಿ. ಆದರೆ ಊರಿಗೆ ದುಡ್ಡು ಕಳಿಸುವಾಗ ನಾವು ಕಳಿಸೋದು ಯಾವುದಕ್ಕೆ? ತಂತಿಗೆ, ಸಿಮೆಂಟಿಗೆ, ಜೆಸಿಬಿ ಬಾಡಿಗೆಗೆ. ನೆನಪು ಬೇಲಿ ಗಿಡದ್ದು, ಚೆಕ್ಕು ಕಲ್ಲುಕಂಬಕ್ಕೆ!

ನಮ್ಮ ಅಪಾರ್ಟ್‌ಮೆಂಟಿನ ಮುಂದೆ ನೋಡಿ. ಡ್ಯುರಾಂಟಾ ಬೇಲಿ. ಅಮೆರಿಕ ಖಂಡದ ಗಿಡ. ಇನ್ನೂ ಕೆಲವು ಲೇಔಟುಗಳಲ್ಲಿ ಕೊನೊಕಾರ್ಪಸ್. ಬೇಗ ಬೆಳೆಯುತ್ತೆ, ಹಸಿರಾಗಿರುತ್ತೆ ಅಂತ ಎಲ್ಲೆಲ್ಲೂ ನೆಟ್ಟರು. 2023ರಲ್ಲಿ ಗುಜರಾತ್ ಸರ್ಕಾರವೇ ಅದನ್ನು ನೆಡಬಾರದು ಅಂತ ನಿಷೇಧ ಹಾಕಿತು. ಲಂಟಾನ ಕೂಡ ಹೀಗೇ ಬಂದದ್ದು. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವಿನ ಗಿಡ ಅಂತ ತಂದರು. ಈಗ ಬಂಡೀಪುರದ ಕಾಡಿನೊಳಗೆ ಹೋಗಿ ನೋಡಿ, ಯಾರ ಮನೆಗೆ ಯಾರು ಬೇಲಿ ಹಾಕಿದ್ದಾರೆ ಅಂತ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದ್ರೆ ಇದೇ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಬರಹ ಓದಿ ನಿಮ್ಮಲ್ಲಿ ಯಾರಾದರೂ "ವ್ಯಾಕ್ಸ್ ಮಿರ್ಟಲ್ ಬೀಜ ಎಲ್ಲಿ ಸಿಗುತ್ತೆ?" ಅಂತ ಖಂಡಿತ ಕೇಳ್ತೀರಿ. ದಯವಿಟ್ಟು ಬೇಡ! ಅದರ ಕುಲದ್ದೇ ಇನ್ನೊಂದು ಗಿಡವನ್ನು ಪೋರ್ಚುಗೀಸರು 19ನೇ ಶತಮಾನದ ಕೊನೆಗೆ ಹವಾಯಿ ದ್ವೀಪಗಳಿಗೆ ಒಯ್ದರು. ಈಗ ಅದು ಅಲ್ಲಿನ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನವನ್ನೆಲ್ಲಾ ಆಕ್ರಮಿಸಿ ಸ್ಥಳೀಯ ಗಿಡಗಳನ್ನು ಹೊಸಕಿ ಹಾಕಿದೆ. ಸಾರಜನಕ ಹಿಡಿಯೋ ಅದರ ಒಳ್ಳೆ ಗುಣವೇ ಅಲ್ಲಿ ಮುಳುವಾಯ್ತು. ನಾರ್ತ್ ಕೆರೊಲಿನಾದಲ್ಲಿ ವ್ಯಾಕ್ಸ್ ಮಿರ್ಟಲ್ ಒಳ್ಳೆಯದು, ಯಾಕಂದ್ರೆ ಅದು ಅಲ್ಲಿಯದು. ಪಂಚನಹಳ್ಳಿಗೆ ಲಕ್ಕಿ ಒಳ್ಳೆಯದು, ಯಾಕಂದ್ರೆ ಅದು ಇಲ್ಲಿಯದು. ಅಕ್ಕನ ಮಗನಿಂದ ಕಲಿಯಬೇಕಾದ್ದು ಗಿಡವನ್ನಲ್ಲ, ಬುದ್ಧಿಯನ್ನ.

ಇನ್ನೊಂದು ಎಚ್ಚರಿಕೆ. ಬೇಲಿ ಗಿಡವನ್ನು ಹೊಗಳುವಾಗ ಹುಚ್ಚು ಹಿಡಿಯಬಾರದು. ಜಟ್ರೋಫಾ ನೆನಪಿದೆಯಾ? ನಮ್ಮ ಕಾಡುಹರಳು. ಬೇಲಿಯಲ್ಲಿ ತನ್ನಷ್ಟಕ್ಕೆ ತಾನಿತ್ತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜೈವಿಕ ಡೀಸೆಲ್ಲಿಗೆ ಇದೇ ಸರಿ ಅಂದಿತು. ಬಂಜರು ನೆಲದಲ್ಲಿ ನೀರಿಲ್ಲದೆ ಎಣ್ಣೆ ಹೊಳೆ ಹರಿಯುತ್ತೆ ಅಂತ ಎಲ್ಲೆಲ್ಲೂ ಎಕರೆಗಟ್ಟಲೆ ನೆಟ್ಟರು. ನೀರು, ಗೊಬ್ಬರ ಇಲ್ಲದೆ ಬದುಕೋ ಗಿಡ ನೀರು, ಗೊಬ್ಬರ ಇಲ್ಲದೆ ಫಸಲು ಕೊಡುತ್ತೆ ಅಂತ ಯಾರು ಹೇಳಿದ್ದು? ಹೇಳಿದಷ್ಟು ಇಳುವರಿ ಬರಲೇ ಇಲ್ಲ, ಗಿಡ ಕಿತ್ತರು. ಬೇಲಿ ಗಿಡದ ಬೆಲೆ ಇರೋದು ಅದು ಬೇಲಿಯಲ್ಲಿ ಇದ್ದಾಗ. ಹತ್ತು ಕೆಲಸ ಸ್ವಲ್ಪ ಸ್ವಲ್ಪ ಮಾಡುತ್ತೆ. ಒಂದೇ ಕೆಲಸಕ್ಕೆ ಎಳೆದು ತಂದು ಲಾಭ ಕೇಳಿದರೆ ನಿಮಗೂ ನಷ್ಟ, ಅದಕ್ಕೂ ಅವಮಾನ.

ಹಾಗೇ, ಲಕ್ಕಿ ಸೊಪ್ಪು ಇದೆ ಅಂತ ಡಾಕ್ಟರ ಹತ್ತಿರ ಹೋಗದೆ ಕೂರಬೇಡಿ. ಅವ್ವನ ಅಂಗೈ ಗಾಯಕ್ಕೆ ನಾವು ಹಾಕಿಸಿದ್ದು ಟಿಟಿ ಇಂಜೆಕ್ಷನ್ನೇ.

* * *

ಬೈದದ್ದಾಯ್ತು. ಏನು ಮಾಡಬೇಕು ಅಂತಲೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಇದೂ ಒಂದು ಗೊಣಗಾಟ.

ಮುಂಗಾರು ನೆಲೆ ನಿಂತ ಮೇಲೆ ಹಳ್ಳದ ದಂಡೆಗೆ ಹೋಗಿ. ಲಕ್ಕಿ ಅಲ್ಲಿ ಇನ್ನೂ ಉಳಿದಿರುತ್ತೆ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಒಂದು ಗೇಣಿಗಿಂತ ಸ್ವಲ್ಪ ಉದ್ದಕ್ಕೆ ಕತ್ತರಿಸಿ. ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಅಡಿಗೊಂದರಂತೆ ಎರಡು ಸಾಲು ಊರಿ. ಎರಡನೇ ಸಾಲಿನ ಕಡ್ಡಿ ಮೊದಲ ಸಾಲಿನ ಸಂದಿಗೆ ಬರಬೇಕು. ಎಲ್ಲಾ ಬದುಕೋಲ್ಲ, ಸತ್ತ ಕಡೆ ಮುಂದಿನ ಮಳೆಗೆ ಮತ್ತೆ ಊರಿ. ಮಳೆ ಕೈ ಕೊಟ್ಟರೆ ಮೊದಲ ಬೇಸಗೆಯಲ್ಲಿ ವಾರಕ್ಕೊಂದು ಸಲ ನೀರು ತೋರಿಸಿ, ಆಮೇಲೆ ಅದರ ಪಾಡಿಗೆ ಅದು.

ಬಂದ್ರೆಗೆ ಬೀಜ. ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ಮೊಳೆಯೋದು ಕಮ್ಮಿ. ಬಿಸಿನೀರು ಸುರಿದು, ಅದು ಆರೋವರೆಗೆ ನೆನೆಸಿ ಬದುವಿನ ಮೇಲೆ ಚೆಲ್ಲಿ. ಹೊಂಗೆ ಬೀಜ ಮರದ ಕೆಳಗೇ ಬಿದ್ದಿರುತ್ತೆ, ಅದೇ ವರ್ಷದ್ದನ್ನ ಆರಿಸಿ ನೆಡಿ. ತೆಂಗಿನ ಸಾಲಿಗೆ ತೀರಾ ಹತ್ತಿರ ಬೇಡ, ದೊಡ್ಡ ಮರ ಆಗುತ್ತೆ.

ಮುಖ್ಯವಾದದ್ದು, ಎಳೆಯದರಲ್ಲೇ ಸವರಬೇಕು. ಎತ್ತರಕ್ಕೆ ಹೋಗಲಿ ಅಂತ ಬಿಟ್ಟರೆ ಬುಡ ಬೋಳಾಗಿ ನಾಯಿ, ಕುರಿ ನುಸುಳುತ್ತವೆ. ಮೊಣಕಾಲೆತ್ತರ ಬಂದಾಗ ಒಮ್ಮೆ ಕತ್ತರಿಸಿದರೆ ಬುಡದಿಂದ ಹತ್ತು ಕವಲು ಒಡೆಯುತ್ತೆ. ನಮ್ಮ ಅಪ್ಪ ಹೇಳ್ತಿದ್ದರು, ಬೇಲಿಗೆ ಕತ್ತಿ ಹಾಕದವನಿಗೆ ಬೇಲಿ ಇಲ್ಲ ಅಂತ.

ಎರಡು ಮೂರು ವರ್ಷ ಬೇಕು. ತಂತಿ ಎರಡು ದಿನದಲ್ಲಿ ಆಗುತ್ತೆ. ಗೊತ್ತು. ಆದರೆ ಎರಡು ದಿನದ ತಂತಿ ಮೊದಲ ದಿನದಿಂದಲೇ ತುಕ್ಕು ಹಿಡಿಯೋಕೆ ಶುರು. ನೆಟ್ಟ ಬೇಲಿ ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತೆ.

ತಮ್ಮನ ಹತ್ತಿರ ಎರಡು ದಿನ ಜಗಳ ಆಡಿದೆ. "ನೀ ಬೆಂಗಳೂರಿಗೆ ಹೋಗ್ತೀಯ, ಸವರೋನು ನಾನು" ಅಂದ. ಸರಿಯಾದ ಮಾತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದೀವಿ. ತಂತಿ ಇರಲಿ. ಗಾಳಿ ಬೀಸೋ ಪಡುವಣ ದಿಕ್ಕಿನ ಒಂದು ಬದಿಗೆ ಮಾತ್ರ, ಸುಮಾರು 360 ಅಡಿ, ತಂತಿಯ ಒಳಗೆ ಲಕ್ಕಿ. ಕಡ್ಡಿ ನೆಡೋಕೆ ನಾನೇ ರಜೆ ಹಾಕಿ ಹೋಗಬೇಕು. ಸವರೋ ಕೂಲಿ ನನ್ನದು. ಕುಕ್ಕೆ ತಾತನಿಗೆ ಹೇಳಿ ಕಳಿಸೋ ಜವಾಬ್ದಾರಿ ಅವನದು. ಉಳಿದ ಮೂರು ಬದಿ ಈ ಬದಿಯನ್ನು ನೋಡಿಕೊಂಡು ಆಮೇಲೆ.

ಅವ್ವನಿಗೆ ಹೇಳಿದೆ. "ಇನ್ನ ಮೂರು ವರ್ಷ ನಾನಿರ್ತೀನೇನೋ" ಅಂದಳು. ಆಮೇಲೆ ತಾನೇ, "ನೆಡು, ನೆಡು. ಮುಂದಿನ ಬಾಣಂತಿಗಾಗ್ತದೆ" ಅಂದಳು.

ನಿಮ್ಮ ಊರಿನ ಬೇಲಿ ಈಗ ಹೇಗಿದೆ? ಇದೆಯೋ, ತಂತಿ ಆಯ್ತೋ? ನಿಮ್ಮ ಕಡೆ ಬೇಲಿಗೆ ಯಾವ ಗಿಡ ಹಾಕ್ತಿದ್ದರು, ಏನೇನಕ್ಕೆ ಬಳಸ್ತಿದ್ದರು? "ಚೆನ್ನಾಗಿದೆ" ಅಂತ ಬರೆದು ಹೋಗಬೇಡಿ. ಮೊದಲು ಊರಿಗೊಂದು ಫೋನ್ ಮಾಡಿ ಕೇಳಿ, ಆಮೇಲೆ ಬಂದು ಬರೀರಿ. ಕಾಯ್ತಿರ್ತೀನಿ.